ಬಾಡಿಗೆ ಮನೆ ಕಾನೂನಿನ ಸುಧಾರಣೆ

ಕರ್ನಾಟಕದಲ್ಲಿ ಬಾಡಿಗೆ ಮನೆಗಳಿಗೆಂದೇ ಒಂದು ಕಾನೂನಿದೆ: ಕರ್ನಾಟಕ ಬಾಡಿಗೆ ಕಾಯ್ದೆ, 1999. ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ, ಉಳಿದ ಊರುಗಳಲ್ಲಿ 2,000 ರೂಪಾಯಿ ದಾಟಿದರೆ ಆ ಮನೆಗೆ ಇದು ಅನ್ವಯಿಸುವುದಿಲ್ಲ. ಬೆಂಗಳೂರಿನಲ್ಲಿ ಈಗ ಆ ಹಣಕ್ಕೆ ಅಡುಗೆಮನೆಯಿರುವ ಒಂದು ಕೋಣೆ ಸಿಗುವುದೂ ಕಷ್ಟ. ಹೀಗಾಗಿ ನಗರದ ಬಾಡಿಗೆದಾರರಲ್ಲಿ ಹೆಚ್ಚಿನವರು, ಅವರಿಗೆ ಮನೆ ಕೊಟ್ಟ ಮಾಲೀಕರ ಸಮೇತ, ತಮಗಾಗಿಯೇ ಆಗಿರುವ ಕಾಯ್ದೆಯ ಆಚೆಗೆ ಉಳಿದಿದ್ದಾರೆ. ಬಾಡಿಗೆ ಕಾನೂನಿನ ಸುಧಾರಣೆ ಎಂದೊಡನೆ ಕಾನೂನು ಬಿಗಿಯಾಗಿದೆ, ಸಡಿಲಿಸಬೇಕು ಎಂಬ ಮಾತು ಕೇಳಿಬರುತ್ತದೆ. ಐವತ್ತು ವರ್ಷಗಳ ಹಿಂದೆ ಆ ದೂರಿಗೆ ಆಧಾರವಿತ್ತು. ಇಂದಿನ ಕೊರತೆ ಬೇರೆ: ಬಹುಪಾಲು ಮನೆಗಳಿಗೆ ಅನ್ವಯಿಸುವ ಬಾಡಿಗೆ ಕಾನೂನೇ ಇಲ್ಲ.

ಬಾಡಿಗೆಗೆ ಸರ್ಕಾರ ಕಡಿವಾಣ ಹಾಕುವ ಪದ್ಧತಿ ಯುದ್ಧದ ಕಾಲದ್ದು. 1915ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ಹಡಗುಕಟ್ಟೆ ಮತ್ತು ಮದ್ದುಗುಂಡಿನ ಕಾರ್ಖಾನೆಗಳ ಕೆಲಸಕ್ಕೆಂದು ಜನ ಬಂದು ಸೇರಿದರು. ಮಾಲೀಕರು ಬಾಡಿಗೆ ಏರಿಸಿದರು. ಗಂಡಂದಿರು ರಣರಂಗದಲ್ಲಿದ್ದಾಗ ಮನೆ ನಡೆಸುತ್ತಿದ್ದ ಹೆಂಗಸರು ಮೇರಿ ಬಾರ್ಬರ್ ಮುಂದಾಳ್ತನದಲ್ಲಿ ಬಾಡಿಗೆ ಕೊಡುವುದನ್ನೇ ನಿಲ್ಲಿಸಿದರು. ಆ ವರ್ಷ ಮುಗಿಯುವುದರೊಳಗೆ ಬ್ರಿಟಿಷ್ ಸಂಸತ್ತು ಕಾಯ್ದೆ ಮಾಡಿ ಬಾಡಿಗೆಯನ್ನು ಯುದ್ಧ ಆರಂಭವಾದ 1914ರ ಆಗಸ್ಟ್‌ನ ಮಟ್ಟಕ್ಕೆ ಕಟ್ಟಿಹಾಕಿತು. 1918ರಲ್ಲಿ ಮುಂಬಯಿಗೆ, 1920ರಲ್ಲಿ ಕಲ್ಕತ್ತೆಗೆ ಇದೇ ಬಗೆಯ ಕಾನೂನುಗಳು ಬಂದವು. ಎಲ್ಲವೂ ತಾತ್ಕಾಲಿಕ ಎಂದೇ ಬಂದವು. ಎರಡನೆಯ ಮಹಾಯುದ್ಧ, ಆಮೇಲೆ ದೇಶವಿಭಜನೆ, ನಿರಾಶ್ರಿತರ ವಲಸೆ. ನಗರಗಳಲ್ಲಿ ಮನೆಯ ಅಭಾವ ನೀಗಲಿಲ್ಲ, ಕಾನೂನೂ ಹೋಗಲಿಲ್ಲ.

ಮುಂಬಯಿಯ ಕಥೆ ಎಲ್ಲಕ್ಕಿಂತ ಉದ್ದದ್ದು. 1947ರ ಮುಂಬಯಿ ಬಾಡಿಗೆ ಕಾಯ್ದೆ 1940ರ ಸೆಪ್ಟೆಂಬರ್ 1ರಂದು ಎಷ್ಟು ಬಾಡಿಗೆ ಇತ್ತೋ ಅದನ್ನೇ 'ಪ್ರಮಾಣಿತ ಬಾಡಿಗೆ' ಎಂದು ನಿಗದಿಮಾಡಿತು. ದಶಕಗಳು ಉರುಳಿದವು; ಅಕ್ಕಿ, ಸಿಮೆಂಟು, ಗಾರೆ ಕೆಲಸದವರ ಕೂಲಿ ಎಲ್ಲ ಏರಿದವು; ಬಾಡಿಗೆ ಇದ್ದಲ್ಲೇ ಇತ್ತು. ಗಿರ್‌ಗಾಂವ್, ದಾದರ್, ಮಾಟುಂಗದ ಕಟ್ಟಡಗಳಲ್ಲಿ ಮಾಲೀಕನ ಕೈಗೆ ಬರುವ ಹಣ ಮಾಡು ಸೋರುವುದನ್ನು ನಿಲ್ಲಿಸುವುದಕ್ಕೂ ಸಾಲದಾಯಿತು. ಅವನು ದುರಸ್ತಿ ಕೈಬಿಟ್ಟ. ಕೊನೆಗೆ ರಾಜ್ಯ ಸರ್ಕಾರ ಈ ಕಟ್ಟಡಗಳ ಮೇಲೆ ಸೆಸ್ ಹಾಕಿ, ಅವುಗಳ ರಿಪೇರಿಗೆ ಪ್ರತ್ಯೇಕ ಮಂಡಳಿಯನ್ನೇ ಸ್ಥಾಪಿಸಬೇಕಾಯಿತು. ಇಷ್ಟಾದರೂ ಮಳೆಗಾಲದಲ್ಲಿ ಹಳೆಯ ಕಟ್ಟಡಗಳು ಕುಸಿದು ಜನ ಸಾಯುವುದು ಆ ನಗರದಲ್ಲಿ ಇನ್ನೂ ನಿಂತಿಲ್ಲ.

ಕಾನೂನು ಕಟ್ಟಿಹಾಕಿದ ಬೆಲೆ ಬೇರೆ ದಾರಿಯಲ್ಲಿ ಹೊರಬಂತು. ಅದೇ ಪಗಡಿ. ಮನೆಯನ್ನೋ ಅಂಗಡಿಯನ್ನೋ ಹಿಡಿಯುವವನು ದೊಡ್ಡ ಮೊತ್ತವನ್ನು ಮುಂಗಡವಾಗಿ ಕೊಟ್ಟು, ಆಮೇಲೆ ಚಿಲ್ಲರೆ ಬಾಡಿಗೆ ಕಟ್ಟುತ್ತ ಹೆಚ್ಚುಕಡಿಮೆ ಒಡೆಯನಂತೆಯೇ ಇರುತ್ತಾನೆ. ಬಿಟ್ಟುಹೋಗುವಾಗ ಮುಂದಿನವನಿಂದ ಪಗಡಿ ಪಡೆದು, ಮಾಲೀಕನಿಗೆ ಅದರಲ್ಲೊಂದು ಪಾಲು ಕೊಡುತ್ತಾನೆ. ಕರಾವಳಿಯಿಂದ ಮುಂಬಯಿಗೆ ಹೋಗಿ ಹೋಟೆಲ್ ಇಟ್ಟ ಕನ್ನಡಿಗರಿಗೂ ತುಳುವರಿಗೂ ಈ ವ್ಯವಹಾರ ಚೆನ್ನಾಗಿ ಗೊತ್ತು. ಇದು ಬಹುಕಾಲ ಕಾನೂನುಬಾಹಿರವಾಗಿಯೇ ನಡೆಯಿತು. 'ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರ್ಕಾರ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1997ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು: ಆರಂಭದಲ್ಲಿ ನ್ಯಾಯವಾಗಿದ್ದ ಬಾಡಿಗೆ ನಿಗದಿ ಕಾಲ ಕಳೆದಂತೆ ಸ್ವೇಚ್ಛೆಯ ಕ್ರಮವಾಗಿದೆ, ಒಂದು ವರ್ಗಕ್ಕೆ ಮಾತ್ರ ಅನುಕೂಲ ಮಾಡುತ್ತ ಇನ್ನೊಂದಕ್ಕೆ ಅನ್ಯಾಯ ಮಾಡುತ್ತಿದೆ. ಕಾಯ್ದೆಯ ಅವಧಿ 1998ರ ಮಾರ್ಚ್‌ಗೆ ಮುಗಿಯುವುದರಲ್ಲಿದ್ದುದರಿಂದ ನ್ಯಾಯಾಲಯ ಅದನ್ನು ರದ್ದು ಮಾಡದೆ, ಹೊಸದನ್ನು ತರುವ ಹೊಣೆಯನ್ನು ಶಾಸನಸಭೆಗೆ ಬಿಟ್ಟಿತು. 2000ದ ಮಾರ್ಚ್ 31ರಂದು ಜಾರಿಯಾದ ಹೊಸ ಕಾಯ್ದೆ ವರ್ಷಕ್ಕೆ ಶೇ. 4ರಷ್ಟು ಬಾಡಿಗೆ ಏರಿಸಲು ಅವಕಾಶ ಕೊಟ್ಟಿತು, ಪಗಡಿಯನ್ನು ಸಕ್ರಮಗೊಳಿಸಿತು. ಬ್ಯಾಂಕುಗಳು, ಸಾರ್ವಜನಿಕ ಉದ್ದಿಮೆಗಳು ಮತ್ತು ದೊಡ್ಡ ಕಂಪನಿಗಳಿಗೆ ಇದ್ದ ರಕ್ಷಣೆಯನ್ನು ತೆಗೆದುಹಾಕಿತು. ಅಂಥ ಸಂಸ್ಥೆಗಳು ಬಡ ಬಾಡಿಗೆದಾರನ ಹೆಸರಿನಲ್ಲಿ ದಶಕಗಳ ಕಾಲ ರಿಯಾಯಿತಿ ಉಂಡದ್ದು ಹಳೆಯ ವ್ಯವಸ್ಥೆಯ ಅತಿ ದೊಡ್ಡ ಅನ್ಯಾಯ.

ಮೈಸೂರು ರಾಜ್ಯದಲ್ಲಿ 1951ರಲ್ಲಿ ಮನೆ ಬಾಡಿಗೆ ಮತ್ತು ವಸತಿ ನಿಯಂತ್ರಣ ಕಾಯ್ದೆ ಬಂತು. 1956ರ ಏಕೀಕರಣದ ಹೊತ್ತಿಗೆ ಕನ್ನಡ ಜಿಲ್ಲೆಗಳಲ್ಲಿ ಒಂದೊಂದು ಕಡೆ ಒಂದೊಂದು ಕಾನೂನಿತ್ತು: ಬೆಳಗಾವಿ, ಧಾರವಾಡದ ಕಡೆ ಮುಂಬಯಿಯದು, ಕಲಬುರಗಿ, ರಾಯಚೂರಿನಲ್ಲಿ ಹೈದರಾಬಾದಿನದು, ಮಂಗಳೂರಿನಲ್ಲಿ ಮದರಾಸಿನದು. ಇವನ್ನೆಲ್ಲ ಒಂದುಗೂಡಿಸಿದ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ನಲವತ್ತು ವರ್ಷ ನಡೆಯಿತು.

ಆ ಕಾಯ್ದೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮನೆ ಖಾಲಿಯಾದರೆ ಮಾಲೀಕ ತನ್ನಿಷ್ಟದವರಿಗೆ ಬಾಡಿಗೆಗೆ ಕೊಡುವಂತಿರಲಿಲ್ಲ. ಬಾಡಿಗೆ ನಿಯಂತ್ರಣಾಧಿಕಾರಿಗೆ ತಿಳಿಸಬೇಕು. ಅಧಿಕಾರಿ ಅದನ್ನು ಸರ್ಕಾರಿ ನೌಕರನಿಗೋ ಕಚೇರಿಗೋ ಮಂಜೂರು ಮಾಡಬಹುದಿತ್ತು. ಮಾಲೀಕ ತಾನೇ ವಾಸಕ್ಕೆ ಬರಬೇಕೆಂದರೂ ಅರ್ಜಿ ಹಾಕಬೇಕು. ಒಮ್ಮೆ ಒಳಗೆ ಬಂದ ಬಾಡಿಗೆದಾರನನ್ನು 21ನೇ ಕಲಂ ಹೇಳಿದ ಕಾರಣಗಳಿಲ್ಲದೆ ಹೊರಡಿಸಲಾಗದು: ಬಾಡಿಗೆ ಬಾಕಿ, ಒಳಬಾಡಿಗೆ, ಮನೆಗೆ ಹಾನಿ, ಮಾಲೀಕನ ನೈಜ ಸ್ವಂತ ಅಗತ್ಯ ಇತ್ಯಾದಿ. ಈ ಸ್ವಂತ ಅಗತ್ಯದ ಸುತ್ತಲೇ ಹೆಚ್ಚಿನ ವ್ಯಾಜ್ಯಗಳು ನಡೆದವು. ಮಾಲೀಕನ ಅಗತ್ಯ ನಿಜವೆಂದು ಸಾಬೀತಾದರೂ ನ್ಯಾಯಾಧೀಶರು ಯಾರಿಗೆ ಹೆಚ್ಚು ತೊಂದರೆಯಾದೀತು ಎಂದು ತೂಗಿ ನೋಡಬೇಕಿತ್ತು; ಮನೆಯ ಒಂದು ಭಾಗವನ್ನಷ್ಟೇ ಬಿಡಿಸಿಕೊಟ್ಟರೆ ಸಾಕಾಗುವುದೇ ಎಂದೂ ಪರಿಶೀಲಿಸಬೇಕಿತ್ತು. ಮಗಳ ಮದುವೆ, ಮಗನ ಸಂಸಾರ, ಮುದಿ ತಾಯಿಯ ಕಾಯಿಲೆ, ಮನೆಯಲ್ಲಿ ಎಷ್ಟು ಕೋಣೆ, ಎಷ್ಟು ತಲೆ ಎಂಬುದೆಲ್ಲ ಸಾಕ್ಷ್ಯವಾಗಿ ದಾಖಲಾಗುತ್ತಿತ್ತು.

ಬೆಂಗಳೂರಿನಲ್ಲಿ ಇಂಥ ಅರ್ಜಿಗಳು ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ಎಚ್‌ಆರ್‌ಸಿ (ಹೌಸ್ ರೆಂಟ್ ಕಂಟ್ರೋಲ್) ಎಂಬ ಸಂಖ್ಯೆಯಡಿ ದಾಖಲಾಗುತ್ತಿದ್ದವು. ವಕೀಲರು, ಮಾಲೀಕರು, ಬಾಡಿಗೆದಾರರು ಎಲ್ಲರೂ 'ಎಚ್‌ಆರ್‌ಸಿ ಕೇಸು' ಎಂದೇ ಕರೆದರು. ಅಲ್ಲಿ ಸೋತವರು ಹೈಕೋರ್ಟಿಗೆ ಪುನರ್ವಿಮರ್ಶೆಗೆ ಹೋಗುತ್ತಿದ್ದರು. ಅರ್ಜಿ ಹಾಕಿದವರು ತೀರಿಕೊಂಡು ಮಕ್ಕಳು ಕೇಸು ಮುಂದುವರಿಸಿದ ಉದಾಹರಣೆಗಳು ತೀರ್ಪಿನ ಸಂಪುಟಗಳಲ್ಲಿ ಹೇರಳ. ಸೇವೆಯಿಂದ ನಿವೃತ್ತನಾಗಿ ಊರಿಗೆ ಮರಳಿದ ಸೈನಿಕ, ಒಂದೇ ಮನೆಯ ಬಾಡಿಗೆಯಲ್ಲಿ ಬದುಕುವ ವಿಧವೆ ಇಂಥವರೂ ಮಾಲೀಕರ ಪಟ್ಟಿಯಲ್ಲಿದ್ದರು. ಎಲ್ಲ ಮಾಲೀಕರೂ ಸಿರಿವಂತರು, ಎಲ್ಲ ಬಾಡಿಗೆದಾರರೂ ಬಡವರು ಎಂಬ ಊಹೆಯ ಮೇಲೆ ಕಟ್ಟಿದ ಕಾನೂನು ಇವರ ವಿಷಯದಲ್ಲಿ ಕ್ರೂರವಾಯಿತು.

ಆದರೂ ಆ ಕಾಯ್ದೆ ಕೊಟ್ಟದ್ದನ್ನು ಮರೆಯುವಂತಿಲ್ಲ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ವಠಾರಗಳಲ್ಲಿ ಗುಮಾಸ್ತರು, ಶಾಲಾ ಮೇಷ್ಟ್ರುಗಳು, ಮಿಲ್ಲಿನ ಕೆಲಸಗಾರರು ಒಂದೇ ನಲ್ಲಿಯ ನೀರು ಹಂಚಿಕೊಂಡು ಬದುಕಿದರು. ಮುಂದಿನ ತಿಂಗಳು ಮನೆ ಬಿಡಬೇಕಾದೀತು ಎಂಬ ದಿಗಿಲಿಲ್ಲದೆ ಮಕ್ಕಳನ್ನು ಅದೇ ಶಾಲೆಯಲ್ಲಿ ಓದಿಸಿದರು. ಸಂಬಳದ ಮೇಲೆ ಬದುಕುವ ಒಂದು ಇಡೀ ಪೀಳಿಗೆ ನೆಲೆನಿಂತದ್ದರ ಹಿಂದೆ ಈ ಭದ್ರತೆಯ ಪಾಲೂ ಇದೆ. ಸುಧಾರಣೆಯ ಚರ್ಚೆಯಲ್ಲಿ ಈ ಲಾಭ ಯಾವ ಲೆಕ್ಕಕ್ಕೂ ಬರುವುದಿಲ್ಲ.

ನಷ್ಟದ ಲೆಕ್ಕ ಮಾತ್ರ ಪದೇ ಪದೇ ಬರುತ್ತದೆ. ಭಾರತದ ನಗರಗಳಲ್ಲಿ 1961ರಲ್ಲಿ ಶೇ. 54ರಷ್ಟು ಕುಟುಂಬಗಳು ಬಾಡಿಗೆ ಮನೆಯಲ್ಲಿದ್ದವು. 2011ರ ಹೊತ್ತಿಗೆ ಆ ಪಾಲು ಶೇ. 28ರ ಆಸುಪಾಸಿಗೆ ಇಳಿಯಿತು ಎಂದು 2017–18ರ ಕೇಂದ್ರದ ಆರ್ಥಿಕ ಸಮೀಕ್ಷೆ ಗುರುತಿಸಿದೆ. ಅದೇ 2011ರ ಗಣತಿಯಲ್ಲಿ ನಗರಪ್ರದೇಶದ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು. ಬಾಡಿಗೆಗೆ ಕೊಟ್ಟರೆ ಬಿಡಿಸಿಕೊಳ್ಳಲಾಗದು ಎಂಬ ಅಂಜಿಕೆ ಇದಕ್ಕೆ ಒಂದು ಕಾರಣ. ಅದೊಂದೇ ಕಾರಣ ಎನ್ನುವುದು ಸರಿಯಲ್ಲ. ಮನೆ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ, ಸೈಟು ಹಂಚುವುದನ್ನೇ ವಸತಿ ನೀತಿ ಎಂದುಕೊಂಡ ಪ್ರಾಧಿಕಾರಗಳು, ಬೆಲೆ ಏರಲೆಂದು ಮನೆ ಕೊಂಡು ಖಾಲಿ ಇಡುವ ಹೂಡಿಕೆದಾರರು ಎಲ್ಲರೂ ಇದರಲ್ಲಿ ಪಾಲುದಾರರು.

ಸುಧಾರಣೆಯ ಪ್ರಯತ್ನಗಳಿಗೆ ಮೂರು ದಶಕ ಮೀರಿದ ಇತಿಹಾಸವಿದೆ. 1987ರಲ್ಲೇ ಸುಪ್ರೀಂ ಕೋರ್ಟ್, ಪ್ರಭಾಕರನ್ ನಾಯರ್ ಪ್ರಕರಣದಲ್ಲಿ, ಬಾಡಿಗೆ ಕಾನೂನುಗಳು ತರ್ಕಬದ್ಧವೂ ಮಾನವೀಯವೂ ಬೇಗ ಜಾರಿಮಾಡಬಲ್ಲವೂ ಆಗಬೇಕೆಂದು ಆಗ್ರಹಿಸಿತು. 1992ರಲ್ಲಿ ಕೇಂದ್ರ ಸರ್ಕಾರ ಮಾದರಿ ಕಾನೂನೊಂದನ್ನು ರಾಜ್ಯಗಳಿಗೆ ಕಳುಹಿಸಿತು. 1995ರಲ್ಲಿ ಸಂಸತ್ತು ದೆಹಲಿಗೆ ಹೊಸ ಬಾಡಿಗೆ ಕಾಯ್ದೆ ಅಂಗೀಕರಿಸಿತು, ರಾಷ್ಟ್ರಪತಿಗಳ ಸಹಿಯೂ ಬಿತ್ತು. ಹಳೆಯ ಬಾಡಿಗೆಯಲ್ಲಿ ಅಂಗಡಿ ಇಟ್ಟಿದ್ದ ವರ್ತಕರು ಬೀದಿಗಿಳಿದರು. ಕಾಯ್ದೆ ಜಾರಿಗೆ ಬರುವ ದಿನಾಂಕವನ್ನು ಯಾವ ಸರ್ಕಾರವೂ ಘೋಷಿಸಲಿಲ್ಲ. ದೆಹಲಿಯಲ್ಲಿ ಇಂದಿಗೂ ನಡೆಯುತ್ತಿರುವುದು 1958ರ ಕಾಯ್ದೆ. 2005ರ ಜವಾಹರಲಾಲ್ ನೆಹರು ನಗರ ನವೀಕರಣ ಯೋಜನೆಯಲ್ಲಿ ಕೇಂದ್ರದ ಅನುದಾನ ಬೇಕಾದರೆ ಬಾಡಿಗೆ ಕಾನೂನು ತಿದ್ದಬೇಕು ಎಂಬ ಷರತ್ತು ಸೇರಿತು; ಅದರಿಂದಲೂ ಹೆಚ್ಚೇನೂ ಕದಲಲಿಲ್ಲ.

ಕರ್ನಾಟಕದ 1999ರ ಕಾಯ್ದೆ ಈ ಅಲೆಯಲ್ಲೇ ಬಂದದ್ದು. ಅದರ ಒಳಗೆ ಒಳ್ಳೆಯ ಅಂಶಗಳಿವೆ. ಕರಾರು ಲಿಖಿತವಾಗಿರಬೇಕು ಎನ್ನುತ್ತದೆ. ಬಾಡಿಗೆದಾರ ತೀರಿಕೊಂಡರೆ ಜೊತೆಗಿದ್ದ ಕುಟುಂಬಕ್ಕೆ ಐದು ವರ್ಷ ಉಳಿಯಲು ಅವಕಾಶ ಕೊಡುತ್ತದೆ. ಸೈನಿಕರು, ವಿಧವೆಯರು, ಹಿರಿಯ ನಾಗರಿಕರಂಥ ಮಾಲೀಕರಿಗೆ ಮನೆ ಬೇಗ ಬಿಡಿಸಿಕೊಳ್ಳುವ ದಾರಿ ಕೊಡುತ್ತದೆ. ಆದರೆ ಹೊಸ ಕಟ್ಟಡಗಳನ್ನು ಹದಿನೈದು ವರ್ಷ ಹೊರಗಿಟ್ಟಿತು. 14 ಚದರ ಮೀಟರಿಗಿಂತ ದೊಡ್ಡ ವಾಣಿಜ್ಯ ಮಳಿಗೆಗಳನ್ನು ಹೊರಗಿಟ್ಟಿತು. 3,500 ಮತ್ತು 2,000 ರೂಪಾಯಿಗಳ ಮಿತಿ ಹಾಕಿತು. ಹಣದುಬ್ಬರಕ್ಕೆ ತಕ್ಕಂತೆ ಈ ಮಿತಿ ತಾನಾಗಿ ಏರುವ ವ್ಯವಸ್ಥೆಯನ್ನು ಮಾತ್ರ ಬರೆಯಲಿಲ್ಲ.

ಇದರ ಅಪಾಯ ಶಾಸಕರಿಗೆ ತಿಳಿಯದ್ದೇನಲ್ಲ. 1986ರ ರತ್ತನ್ ಆರ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಕಾಯ್ದೆಯಲ್ಲಿದ್ದ 400 ರೂಪಾಯಿಯ ಇಂಥದೇ ಮಿತಿಯನ್ನು ರದ್ದು ಮಾಡಿತ್ತು. ಒಂದು ಕಾಲಕ್ಕೆ ಉಳ್ಳವರ ಮನೆಯನ್ನು ಗುರುತಿಸುತ್ತಿದ್ದ ಬಾಡಿಗೆ ಬೆಲೆಯೇರಿಕೆಯಿಂದ ಸಾಮಾನ್ಯರ ಬಾಡಿಗೆಯಾಗಿಬಿಟ್ಟಿದೆ ಎಂಬುದು ಅದರ ತರ್ಕ. 1994ರಲ್ಲಿ ದೆಹಲಿಯ 3,500 ರೂಪಾಯಿ ಮಿತಿಯನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು, ಏಕೆಂದರೆ ಆಗ ಆ ಮೊತ್ತ ನಿಜಕ್ಕೂ ದೊಡ್ಡದು. ಅದೇ ಅಂಕಿಯನ್ನು ಕರ್ನಾಟಕ ಎತ್ತಿಕೊಂಡಿತು. ಮುಂಬಯಿಯಲ್ಲಿ 1940ರ ಬಾಡಿಗೆ ಮಾಲೀಕನನ್ನು ಹಣ್ಣುಮಾಡಿದರೆ, ಇಲ್ಲಿ 1999ರ ಮಿತಿ ಬಾಡಿಗೆದಾರನನ್ನು ಬರಿಗೈ ಮಾಡಿತು. ಎರಡೂ ಕಡೆ ತಪ್ಪು ಒಂದೇ: ಬದಲಾಗುವ ಬೆಲೆಯನ್ನು ಬದಲಾಗದ ಅಂಕಿಯಲ್ಲಿ ಬರೆದದ್ದು.

ಕಾಯ್ದೆಯ ಹೊರಗಿನ ಮನೆಗಳಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 106ನೇ ಕಲಮಿನ ಪ್ರಕಾರ ತಿಂಗಳ ಲೆಕ್ಕದ ಬಾಡಿಗೆಯನ್ನು ಹದಿನೈದು ದಿನಗಳ ನೋಟಿಸ್ ಕೊಟ್ಟು ಮುಗಿಸಬಹುದು, ಕಾರಣ ಹೇಳಬೇಕಿಲ್ಲ. ಕರಾರಿನಲ್ಲಿ ಬೇರೆ ಅವಧಿ ಬರೆದಿದ್ದರೆ ಅದು ನಡೆಯುತ್ತದೆ. ಬರೆಯುವ ಕರಾರೋ ಹನ್ನೊಂದು ತಿಂಗಳದ್ದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಡಿ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಬೇಕು, ಮುದ್ರಾಂಕ ಶುಲ್ಕ ಕಟ್ಟಬೇಕು. ಆ ಖರ್ಚು, ಓಡಾಟ ತಪ್ಪಿಸಿಕೊಳ್ಳಲು ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಟೈಪಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿ ಮೊದಲೇ ಸಿದ್ಧವಿರುವ ಇಂಗ್ಲಿಷ್ ನಮೂನೆ, ಅದರಲ್ಲಿ ಹೆಸರು, ಬಾಡಿಗೆ, ಅಡ್ವಾನ್ಸ್ ಬದಲಿಸಿ, ಇ-ಸ್ಟ್ಯಾಂಪ್ ಕಾಗದದ ಮೇಲೆ ಮುದ್ರಿಸಿದರೆ ಮುಗಿಯಿತು. ಸಹಿ ಹಾಕುವ ಇಬ್ಬರಲ್ಲಿ ಒಬ್ಬರೂ ಅದನ್ನು ಪೂರ್ತಿ ಓದದಿರುವುದೇ ಹೆಚ್ಚು.

ಮಾಲೀಕರು ಹನ್ನೊಂದು ತಿಂಗಳಿಗೆ ಅಂಟಿಕೊಳ್ಳಲು ಇನ್ನೊಂದು ಭಯವೂ ಇದೆ: ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆದಾರನದಾಗುತ್ತದೆ ಎಂಬುದು. ಇದು ತಪ್ಪು ತಿಳಿವಳಿಕೆ. ಒಪ್ಪಿಗೆಯ ಮೇಲೆ ಒಳಗೆ ಬಂದವನ ಸ್ವಾಧೀನ ಪ್ರತಿಕೂಲ ಸ್ವಾಧೀನವಾಗುವುದಿಲ್ಲ. ಬಾಡಿಗೆದಾರ ತನ್ನ ಮಾಲೀಕನ ಒಡೆತನವನ್ನು ಅಲ್ಲಗಳೆಯುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 116ನೇ ಕಲಂ ಹೇಳಿತ್ತು. ಅದರ ಜಾಗಕ್ಕೆ 2023ರಲ್ಲಿ ಬಂದ ಹೊಸ ಸಾಕ್ಷ್ಯ ಕಾನೂನೂ ಆ ನಿಯಮವನ್ನು ಉಳಿಸಿಕೊಂಡಿದೆ. ಬಾಡಿಗೆದಾರರಿಗೂ ಗೊತ್ತಿಲ್ಲದ ಒಂದು ರಕ್ಷಣೆ ಇದೆ. ಬೀಗ ಒಡೆದು ಸಾಮಾನು ಹೊರಗೆಸೆದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ಮರಳಿ ಪಡೆಯಬಹುದು.

ಅಡ್ವಾನ್ಸ್ ವಿಷಯ ಬಂದಾಗ ಬೆಂಗಳೂರು ಬೇರೆ ನಗರಗಳಿಗಿಂತ ಕಠಿಣ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಇಲ್ಲಿ ಬಹುಕಾಲದ ವಾಡಿಕೆ; ಈಚೆಗೆ ಕೆಲವೆಡೆ ಐದಾರು ತಿಂಗಳಿಗೆ ಇಳಿದಿದೆ. ತಿಂಗಳಿಗೆ 15,000 ರೂಪಾಯಿಯ ಮನೆಗೆ ಒಂದೂವರೆ ಲಕ್ಷ ಕೊಡಬೇಕು. ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ಮೊದಲ ಕೆಲಸಕ್ಕೆ ಬಂದವರು ಆ ಹಣಕ್ಕೆ ಬಡ್ಡಿ ಸಾಲ ಮಾಡುತ್ತಾರೆ, ಇಲ್ಲವೆ ಮನೆಯವರ ಒಡವೆ ಅಡವಿಡುತ್ತಾರೆ. ಬಿಡುವಾಗ 'ಪೇಂಟಿಂಗ್ ಚಾರ್ಜ್' ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಸಾಮಾನ್ಯ. ಅದರ ಮೇಲೆ ನಲ್ಲಿ, ಗೀಜರ್, ಗೋಡೆಯ ಮೊಳೆಯ ಲೆಕ್ಕ. ಉಳಿದ ಹಣಕ್ಕಾಗಿ ದಾವೆ ಹೂಡಬಹುದು. ಆದರೆ ಇಪ್ಪತ್ತು ಮೂವತ್ತು ಸಾವಿರಕ್ಕೆ ವಕೀಲರನ್ನು ಹಿಡಿದು ವರ್ಷಗಟ್ಟಲೆ ಅಲೆಯುವ ಸಂಬಳದಾರ ಅಪರೂಪ. ಈ ನಗರದಲ್ಲಿ ಬಾಡಿಗೆ ಕಾನೂನಿನ ಸುಧಾರಣೆ ಏನನ್ನಾದರೂ ಮೊದಲು ಮುಟ್ಟಬೇಕಾದರೆ ಅದು ಈ ಮುಂಗಡವನ್ನು.

ಇನ್ನೂ ದೊಡ್ಡ ಅಪಾಯ ಭೋಗ್ಯದಲ್ಲಿದೆ. ಬೋರ್ಡುಗಳಲ್ಲಿ 'ಲೀಸ್‌ಗೆ' ಎಂದೂ ಕಾಣುತ್ತದೆ. ಹಲವು ಲಕ್ಷವನ್ನು ಒಟ್ಟಿಗೆ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ. ಅವಧಿ ಮುಗಿದ ಮೇಲೆ ಅಸಲು ವಾಪಸು. ಮಾಲೀಕನಿಗೆ ಬಡ್ಡಿಯಿಲ್ಲದ ಸಾಲ, ಒಕ್ಕಲಿಗೆ ಬಾಡಿಗೆಯಿಲ್ಲದ ಮನೆ. ಆದರೆ ಆ ಮನೆ ಈಗಾಗಲೇ ಬ್ಯಾಂಕಿನಲ್ಲಿ ಅಡವಾಗಿದ್ದರೆ? ಅಡಮಾನ ಮಾಡಿದ ಮಾಲೀಕ ಎಂಥ ಗುತ್ತಿಗೆ ಕೊಡಬಹುದು ಎಂಬುದನ್ನು ಸ್ವತ್ತು ವರ್ಗಾವಣೆ ಕಾಯ್ದೆಯ 65ಎ ಕಲಂ ಬಿಗಿಯಾಗಿ ಹೇಳುತ್ತದೆ: ಕಟ್ಟಡವಾದರೆ ಮೂರು ವರ್ಷ ಮೀರಕೂಡದು, ಮುಂಗಡ ಬಾಡಿಗೆ ಪಡೆಯಕೂಡದು, ಇಡುಗಂಟು ಪಡೆಯಕೂಡದು. ಭೋಗ್ಯ ಈ ಷರತ್ತುಗಳನ್ನೇ ಮುರಿಯುತ್ತದೆ. ಅದನ್ನು ಸ್ವಾಧೀನ ಸಹಿತ ಅಡಮಾನವೆಂದು ಬರೆಯುವುದಾದರೆ 100 ರೂಪಾಯಿ ಮುಟ್ಟಿದ ಅಂಥ ಯಾವ ಅಡಮಾನವಾದರೂ ನೋಂದಣಿಯಾಗಬೇಕು. ಹೆಚ್ಚಿನ ಭೋಗ್ಯದ ಪತ್ರಗಳು ನೋಂದಣಿಯಾಗುವುದೇ ಇಲ್ಲ. ಮಾಲೀಕ ಸಾಲ ತೀರಿಸದೆ ಬ್ಯಾಂಕು ಮನೆಯನ್ನು ಹರಾಜಿಗೆ ತಂದಾಗ ಬಾಗಿಲಿಗೆ ಅಂಟಿಸಿದ ನೋಟಿಸಿನಿಂದಲೇ ಒಳಗಿದ್ದವರಿಗೆ ವಿಷಯ ತಿಳಿಯುವುದುಂಟು. ಬಾಡಿಗೆ ನಿಯಂತ್ರಣ ಕಾಯ್ದೆಯ ರಕ್ಷಣೆಯಿರುವ ಬಾಡಿಗೆದಾರನನ್ನು ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಬಳಸಿ ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ಭೋಗ್ಯದವರಿಗೆ ಆ ರಕ್ಷಣೆಯೂ ಒದಗುವುದು ದುರ್ಲಭ.

ದಕ್ಷಿಣ ಕೊರಿಯದಲ್ಲಿ ಇದೇ ಪದ್ಧತಿ 'ಜಾನ್ಸೆ' ಎಂಬ ಹೆಸರಿನಲ್ಲಿ ದೇಶದುದ್ದಕ್ಕೂ ಇದೆ. ಅಲ್ಲಿ 1981ರಲ್ಲೇ ವಸತಿ ಗುತ್ತಿಗೆ ರಕ್ಷಣಾ ಕಾಯ್ದೆ ಬಂತು. ಒಕ್ಕಲು ಮನೆಗೆ ಬಂದ ಮೇಲೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ದಾಖಲಿಸಿ, ಕರಾರಿನ ಮೇಲೆ ಅಧಿಕೃತ ದಿನಾಂಕದ ಮುದ್ರೆ ಹಾಕಿಸಿಕೊಂಡರೆ, ಮನೆ ಹರಾಜಾದಾಗ ಆ ದಿನಾಂಕದ ನಂತರ ಸಾಲ ಕೊಟ್ಟವರಿಗಿಂತ ಮೊದಲು ಅವರಿಗೆ ಹಣ ಸಿಗುತ್ತದೆ. ಇಷ್ಟಾದರೂ ಮನೆ ಬೆಲೆ ಕುಸಿದಾಗ ಸಾವಿರಾರು ಯುವಜನರ ಠೇವಣಿ ಮುಳುಗಿತು. ವಂಚನೆಗೊಳಗಾದವರಿಗಾಗಿ 2023ರಲ್ಲಿ ವಿಶೇಷ ಕಾನೂನು ತರಬೇಕಾಯಿತು. ಬೆಂಗಳೂರಿನ ಭೋಗ್ಯಕ್ಕೆ ಆ ದಿನಾಂಕದ ಮುದ್ರೆಯಷ್ಟು ರಕ್ಷಣೆಯೂ ಇಲ್ಲ.

ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿಗೆ ಕೊಟ್ಟ ಮಾದರಿ ಬಾಡಿಗೆ ಕಾಯ್ದೆ ಇಂಥ ಹಲವು ಪ್ರಶ್ನೆಗಳಿಗೆ ಕೈಹಾಕಿದೆ. ಬಾಡಿಗೆ ಎಷ್ಟೆಂಬುದನ್ನು ಇಬ್ಬರೂ ಕೂಡಿ ನಿರ್ಧರಿಸುತ್ತಾರೆ. ಸರ್ಕಾರ ಮಿತಿ ಹೇರುವುದಿಲ್ಲ. ವಾಸದ ಮನೆಗೆ ಎರಡು ತಿಂಗಳಿಗಿಂತ, ಬೇರೆ ಉದ್ದೇಶದ ಕಟ್ಟಡಕ್ಕೆ ಆರು ತಿಂಗಳಿಗಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕರಾರು ಲಿಖಿತವಾಗಿರಬೇಕು, ಎರಡು ತಿಂಗಳೊಳಗೆ ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ಮಾಲೀಕ ಒಳಗೆ ಬರುವ ಮುನ್ನ 24 ಗಂಟೆಗಳ ನೋಟಿಸ್ ಕೊಡಬೇಕು. ನೀರು, ವಿದ್ಯುತ್ ಕಡಿತ ಮಾಡುವಂತಿಲ್ಲ. ಅವಧಿ ಮುಗಿದ ಮೇಲೂ ಮನೆ ಬಿಡದ ಬಾಡಿಗೆದಾರ ಮೊದಲ ಎರಡು ತಿಂಗಳು ಎರಡರಷ್ಟು, ಆಮೇಲೆ ನಾಲ್ಕರಷ್ಟು ಬಾಡಿಗೆ ತೆರಬೇಕು.

ಇದರ ಅನುಸೂಚಿಯೊಂದು ಬೆಂಗಳೂರಿನವರು ಓದಬೇಕಾದದ್ದು. ಯಾವ ದುರಸ್ತಿ ಯಾರದು ಎಂದು ಅಲ್ಲಿ ಪಟ್ಟಿ ಮಾಡಿದೆ. ಗೋಡೆಗೆ ಸುಣ್ಣ ಬಳಿಸುವುದು, ಬಾಗಿಲು ಕಿಟಕಿಗೆ ಬಣ್ಣ ಹಚ್ಚಿಸುವುದು, ಕೊಳಾಯಿಯ ಪೈಪು ಮತ್ತು ವೈರಿಂಗ್ ಬದಲಿಸುವುದು ಮಾಲೀಕನ ಹೊಣೆ. ನಲ್ಲಿಯ ವಾಷರ್, ಸ್ವಿಚ್ಚು, ಬೀಗ, ಕಿಟಕಿಯ ಗಾಜು, ಸೊಳ್ಳೆಪರದೆ, ಗೀಜರ್ ರಿಪೇರಿ ಬಾಡಿಗೆದಾರನದು. ಕರಾರಿನಲ್ಲಿ ಬೇರೆ ಬಗೆಯಲ್ಲಿ ಒಪ್ಪಿಕೊಳ್ಳದಿದ್ದರೆ ಈ ಪಟ್ಟಿಯೇ ಅಂತಿಮ. ಅಂದರೆ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಪದ್ಧತಿಗೆ ಇಲ್ಲಿ ತಾನಾಗಿ ಜಾಗವಿಲ್ಲ.

ಕೇಂದ್ರದ ಮಾದರಿ ತಾನಾಗಿ ಯಾವ ರಾಜ್ಯದಲ್ಲೂ ಕಾನೂನಾಗುವುದಿಲ್ಲ. ಶಾಸನಸಭೆಗಳು ತಂತಮ್ಮ ಕಾಯ್ದೆ ಮಾಡಬೇಕು. ಉತ್ತರಪ್ರದೇಶ 2021ರಲ್ಲಿ ಮಾಡಿತು. ವಾಸದ ಮನೆಗೆ ವರ್ಷಕ್ಕೆ ಶೇ. 5, ಉಳಿದವಕ್ಕೆ ಶೇ. 7ಕ್ಕಿಂತ ಹೆಚ್ಚು ಏರಿಸಬಾರದೆಂಬ ಮಿತಿಯನ್ನೂ ಸೇರಿಸಿತು. ಅಸ್ಸಾಂ, ಆಂಧ್ರಪ್ರದೇಶಗಳೂ ಅದೇ ದಾರಿ ಹಿಡಿದವು. ತಮಿಳುನಾಡು ಮೊದಲೇ ತನ್ನ 2017ರ ಕಾಯ್ದೆಯನ್ನು 2019ರ ಫೆಬ್ರುವರಿಯಲ್ಲಿ ಜಾರಿಗೆ ತಂದಿತ್ತು; ಮುಂಗಡಕ್ಕೆ ಅಲ್ಲಿ ಮೂರು ತಿಂಗಳ ಮಿತಿ. ಆದರೆ ಹಳೆಯ ಕರಾರುಗಳನ್ನು ಬರವಣಿಗೆಗೆ ತಂದು ದಾಖಲಿಸುವ ಗಡುವನ್ನು ಅಲ್ಲಿನ ಸರ್ಕಾರ ಹಲವು ಬಾರಿ ಮುಂದೂಡಬೇಕಾಯಿತು. ಮಹಾರಾಷ್ಟ್ರದ ಅನುಭವ ಇದಕ್ಕಿಂತ ಭಿನ್ನ. ಅಲ್ಲಿ 2000ದಲ್ಲಿ ಜಾರಿಯಾದ, ಮೇಲೆ ಹೇಳಿದ 1999ರ ಕಾಯ್ದೆಯ 55ನೇ ಕಲಂ ಪ್ರತಿಯೊಂದು ಬಾಡಿಗೆ ಕರಾರೂ ನೋಂದಣಿಯಾಗಬೇಕು ಎನ್ನುತ್ತದೆ, ಹೊಣೆ ಮಾಲೀಕನದು. ಮಾಡಿಸದಿದ್ದರೆ ವ್ಯಾಜ್ಯದಲ್ಲಿ ಬಾಡಿಗೆದಾರ ಹೇಳಿದ ಷರತ್ತುಗಳೇ ನಿಜವೆಂದು ನ್ಯಾಯಾಲಯ ಭಾವಿಸುತ್ತದೆ, ಮಾಲೀಕ ಬೇರೆ ರೀತಿ ಸಾಬೀತು ಮಾಡುವವರೆಗೆ. ಪುಣೆ, ಮುಂಬಯಿಗಳಲ್ಲಿ ಮಾಲೀಕರೇ ಮುತುವರ್ಜಿಯಿಂದ ನೋಂದಣಿ ಮಾಡಿಸುವುದು ಈ ಒಂದು ವಾಕ್ಯದ ಫಲ. ಬೇರೆ ಯಾವ ದಂಡಕ್ಕಿಂತಲೂ ಇದು ಪರಿಣಾಮಕಾರಿ. ಕರ್ನಾಟಕ ಎರವಲು ಪಡೆಯುವುದಾದರೆ ಇದನ್ನು ಮೊದಲು ಪಡೆಯಬೇಕು.

ಮಾದರಿ ಕಾಯ್ದೆಯ ದೌರ್ಬಲ್ಯಗಳೂ ಸಣ್ಣವಲ್ಲ. ವ್ಯಾಜ್ಯಗಳು ಸಿವಿಲ್ ನ್ಯಾಯಾಲಯದಿಂದ ಉಪವಿಭಾಗಾಧಿಕಾರಿ, ಅಪರ ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿಗಳ ಕೈಗೆ ಹೋಗುತ್ತವೆ. ಖಾತೆ, ಪಹಣಿ, ಚುನಾವಣೆ, ಬರ, ಪ್ರವಾಹದ ಕೆಲಸದಲ್ಲೇ ಮುಳುಗಿರುವ ಕಂದಾಯ ಇಲಾಖೆ 60 ದಿನಗಳಲ್ಲಿ ಬಾಡಿಗೆ ಕೇಸು ಮುಗಿಸೀತೆಂದು ನಂಬುವುದು ಕಷ್ಟ. ಅವಧಿ ಮುಗಿದ ಮೇಲೆ ಕರಾರು ನವೀಕರಿಸುವ ಹಕ್ಕು ಬಾಡಿಗೆದಾರನಿಗೆ ಇಲ್ಲ. ಹನ್ನೊಂದು ತಿಂಗಳ ಕರಾರು ಬರೆದರೆ ಭದ್ರತೆಯೂ ಹನ್ನೊಂದೇ ತಿಂಗಳು. ಜರ್ಮನಿಯಲ್ಲಿ ಬಾಡಿಗೆ ಕರಾರಿಗೆ ಸಾಮಾನ್ಯವಾಗಿ ಕೊನೆಯ ದಿನಾಂಕವೇ ಇರುವುದಿಲ್ಲ. ಸ್ವಂತ ವಾಸದಂಥ ಕಾರಣ ಇದ್ದರೆ ಮಾತ್ರ ಮಾಲೀಕ ಬಿಡಿಸಬಹುದು, ಅದೂ ಒಕ್ಕಲು ಎಷ್ಟು ವರ್ಷದಿಂದ ಇದೆ ಎಂಬುದರ ಮೇಲೆ ಮೂರರಿಂದ ಒಂಬತ್ತು ತಿಂಗಳ ನೋಟಿಸ್ ಕೊಟ್ಟು. ಇಂಗ್ಲೆಂಡಿನಲ್ಲಿ 1988ರ ಕಾಯ್ದೆಯ 21ನೇ ಕಲಂ ಕಾರಣ ಹೇಳದೆ ಎರಡು ತಿಂಗಳ ನೋಟಿಸಿನಲ್ಲಿ ಮನೆ ಬಿಡಿಸಲು ಅವಕಾಶ ಕೊಟ್ಟಿತ್ತು. ಅದರಿಂದಾದ ಅಸ್ಥಿರತೆಯನ್ನು ಕಂಡು 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಅದನ್ನು ತೆಗೆದುಹಾಕಿತು.

ಯಾರಿಗೆ ಮನೆ ಕೊಡುವುದಿಲ್ಲ ಎಂಬ ವಿಷಯದಲ್ಲಿ ಮಾದರಿ ಕಾಯ್ದೆ ಮೌನವಾಗಿದೆ. ಜಾತಿ, ಧರ್ಮ, ಮಾಂಸಾಹಾರ, ಒಂಟಿ ಹೆಂಗಸು ಎಂಬ ಕಾರಣಗಳಿಗೆ ಬಾಗಿಲಲ್ಲೇ ಇಲ್ಲವೆನ್ನುವುದು ಬೆಂಗಳೂರು, ಮೈಸೂರಿನಲ್ಲಿ ದಿನನಿತ್ಯದ ಮಾತು. ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆ ನಿರಾಕರಿಸುವುದನ್ನು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಪರಾಧವೆನ್ನುತ್ತದೆ. ಉಳಿದ ತಾರತಮ್ಯಗಳಿಗೆ ಖಾಸಗಿ ಮಾಲೀಕನನ್ನು ಹೊಣೆಮಾಡುವ ಸ್ಪಷ್ಟ ಕಾನೂನು ಇಲ್ಲ. ಅಮೆರಿಕ 1968ರಲ್ಲೇ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವಾರದಲ್ಲಿ, ವಸತಿಯಲ್ಲಿ ಬಣ್ಣ ಮತ್ತು ಧರ್ಮದ ತಾರತಮ್ಯವನ್ನು ನಿಷೇಧಿಸಿತು. ಮನೆ ಸಿಕ್ಕವರ ಹಕ್ಕುಗಳನ್ನು ಎಷ್ಟೇ ಅಚ್ಚುಕಟ್ಟಾಗಿ ಬರೆದರೂ, ಮನೆಯೇ ಸಿಗದವರಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಬರವಣಿಗೆಯೇ ಇಲ್ಲದ ಬಾಡಿಗೆಯ ಪ್ರಶ್ನೆ ಇನ್ನೂ ಬಾಕಿ ಇದೆ. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬರುವವರು ಖಾಲಿ ಸೈಟುಗಳಲ್ಲಿ ತಗಡಿನ ಶೆಡ್ಡು, ನೀಲಿ ತಾಡಪಾಲಿನ ಗುಡಿಸಲುಗಳಲ್ಲಿ ಇರುತ್ತಾರೆ. ಅದಕ್ಕೂ ತಿಂಗಳ ಬಾಡಿಗೆ ಕೊಡುತ್ತಾರೆ, ರಸೀದಿ ಇರುವುದಿಲ್ಲ. 2020ರ ಮಾರ್ಚ್ 29ರಂದು, ಲಾಕ್‌ಡೌನ್ ಆದ ವಾರದಲ್ಲಿ, ಕೇಂದ್ರ ಗೃಹ ಸಚಿವಾಲಯ ವಲಸೆ ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆ ಕೇಳಬಾರದೆಂದು ಆದೇಶ ಹೊರಡಿಸಿತು. ಯಾವ ಶೆಡ್ಡಿನಲ್ಲಿ ಯಾರಿದ್ದಾರೆ, ಎಷ್ಟು ಕೊಡುತ್ತಾರೆ ಎಂಬ ದಾಖಲೆಯಿಲ್ಲದ ಕಡೆ ಆ ಆದೇಶವನ್ನು ತೋರಿಸುವುದಾದರೂ ಯಾರಿಗೆ? ಇಂಥ ವಲಸಿಗರಿಗೆಂದೇ ಆ ಜುಲೈನಲ್ಲಿ ಕೈಗೆಟುಕುವ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಲಿಖಿತ ಕರಾರಿಲ್ಲದೆ ಬಾಡಿಗೆಯೇ ಇಲ್ಲ ಎನ್ನುವ ಮಾದರಿ ಕಾಯ್ದೆಯನ್ನು ಹಾಗೆಯೇ ತಂದರೆ ಈ ಜನ ಮತ್ತೊಮ್ಮೆ ಹೊರಗುಳಿಯುತ್ತಾರೆ. ಕರಾರು ಸಲ್ಲಿಸಲು ರಾಜ್ಯದ ಭಾಷೆಯಲ್ಲಿ ಡಿಜಿಟಲ್ ವ್ಯವಸ್ಥೆ ಇರಬೇಕೆಂದು ಅದೇ ಮಾದರಿ ಹೇಳುತ್ತದೆ. ಕರ್ನಾಟಕದಲ್ಲಿ ಅದು ಒಂದು ಪುಟದ ಕನ್ನಡ ನಮೂನೆಯಾಗಿ, ಶುಲ್ಕವಿಲ್ಲದೆ, ಮೊಬೈಲಿನಲ್ಲೇ ತುಂಬುವಂತಿದ್ದು, ಮಾಲೀಕ ಸಹಿ ಹಾಕಲು ಒಪ್ಪದಿದ್ದರೆ ಬಾಡಿಗೆ ಪಾವತಿಯ ಯುಪಿಐ ದಾಖಲೆಯನ್ನೇ ಕರಾರಿಗೆ ಪುರಾವೆಯಾಗಿ ಸ್ವೀಕರಿಸುವಂತಿದ್ದರೆ, ಶೆಡ್ಡಿನಲ್ಲಿರುವವರೂ ಬಾಡಿಗೆದಾರರೆಂದು ಎಣಿಕೆಗೆ ಬರುತ್ತಾರೆ.